ಘಟ್ಟ ಇಳಿಯುವ ಸೈಕಲಿಗೆ ಮೊದಲು ಬ್ರೇಕು, ಆಮೇಲೆ ಉಳಿದದ್ದು

ಮಡಿಕೇರಿಯಿಂದ ಮದೆನಾಡು, ಜೋಡುಪಾಲ ದಾಟಿ ಸಂಪಾಜೆಗೆ ಇಳಿಯುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವರಿಗೆ ಕೊನೆಯ ತಿರುವುಗಳಲ್ಲಿ ಮೂಗಿಗೆ ಬಡಿಯುವ ಸುಟ್ಟ ವಾಸನೆ ಹೊಸತಲ್ಲ. ಮುಂದಿನ ಲಾರಿಯ ಬ್ರೇಕು ಕಾದಿರುತ್ತದೆ. ಅದೇ ಘಟ್ಟವನ್ನು ಸೈಕಲಿನಲ್ಲಿ ಇಳಿದರೂ ಲೆಕ್ಕ ಅದೇ, ಪ್ರಮಾಣ ಮಾತ್ರ ಸಣ್ಣದು. ಸವಾರನ ತೂಕ 75 ಕಿಲೋ, ಸೈಕಲಿನದ್ದು 15 ಕಿಲೋ ಎಂದಿಟ್ಟುಕೊಳ್ಳಿ. ಈ 90 ಕಿಲೋ ಸಾವಿರ ಮೀಟರ್ ಕೆಳಗಿಳಿಯುವಾಗ ಸುಮಾರು 880 ಕಿಲೋಜೂಲ್ ಶಕ್ತಿ ಎಲ್ಲಾದರೂ ಕರಗಲೇಬೇಕು. ಮೂರು ಲೀಟರ್ ತಣ್ಣೀರನ್ನು ಕುದಿಸಲು ಹೆಚ್ಚುಕಡಿಮೆ ಅಷ್ಟೇ ಶಾಖ ಸಾಕು. ಡಾಂಬರು ರಸ್ತೆಯಲ್ಲಿ ಜೋರಾಗಿ ಬಿಟ್ಟರೆ ಅದರಲ್ಲಿ ದೊಡ್ಡ ಪಾಲನ್ನು ಗಾಳಿಯೇ ತಿಂದುಬಿಡುತ್ತದೆ. ಗುಡ್ಡೆಯ ಕಡಿದಾದ ಕಾಲುದಾರಿಯಲ್ಲಿ ವೇಗ ಕಡಿಮೆ, ಗಾಳಿಯ ಸಹಾಯವೂ ಕಡಿಮೆ. ಅಲ್ಲಿ ಹೆಚ್ಚಿನ ಶಾಖ ಬಂದು ಬೀಳುವುದು ಎರಡು ಮಿಲಿಮೀಟರ್ ಆಸುಪಾಸು ದಪ್ಪದ ಎರಡು ಉಕ್ಕಿನ ಡಿಸ್ಕ್‌ಗಳಿಗೆ.

ಪುತ್ತೂರು, ಸುಳ್ಯ, ಕಡಬ ಕಡೆ ಮೌಂಟನ್ ಬೈಕ್ ಹಿಡಿದು ಗುಡ್ಡೆ ಹತ್ತುವ ಹುಡುಗ ಹುಡುಗಿಯರು ಈಗ ಅಲ್ಲಲ್ಲಿ ಕಾಣಸಿಗುತ್ತಾರೆ. ಉದ್ದ ಇಳಿಜಾರಿನ ರೇಸಿಗೆ ಹೋಗಬೇಕು ಎನ್ನುವವರು ಮೊದಲು ಕೇಳುವ ಪ್ರಶ್ನೆ ಒಂದೇ: ಎಷ್ಟು ಮಿಲಿಮೀಟರ್ ಶಾಕ್ ಇರುವ ಸೈಕಲ್ ತೆಗೆದುಕೊಳ್ಳಬೇಕು? ಅದು ಎರಡನೆಯ ಪ್ರಶ್ನೆ. ಮೊದಲನೆಯದು, ಅರ್ಧ ಗಂಟೆ ಇಳಿದ ಮೇಲೂ ಈ ಸೈಕಲಿನ ಬ್ರೇಕು ಹಿಡಿಯುತ್ತದೆಯೇ, ಅದನ್ನು ಹಿಡಿಯಲು ನಿಮ್ಮ ಬೆರಳಿನಲ್ಲಿ ಶಕ್ತಿ ಉಳಿದಿರುತ್ತದೆಯೇ ಎಂಬುದು.

ಈ ಆಟ ಶುರುವಾದದ್ದೇ ಕಾದ ಬ್ರೇಕಿನಿಂದ. 1976ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಜೋ ಬ್ರೀಜ್, ಚಾರ್ಲಿ ಕೆಲ್ಲಿ ಮತ್ತವರ ಗೆಳೆಯರು ಹಳೇ ದಪ್ಪ ಟೈರಿನ ಸೈಕಲುಗಳಲ್ಲಿ ಗುಡ್ಡದ ಮಣ್ಣುದಾರಿ ಇಳಿಯುವ ಪಂದ್ಯ ಕಟ್ಟಿದರು. ಹಿಂದಕ್ಕೆ ಪೆಡಲ್ ತುಳಿದರೆ ಹಿಡಿಯುವ ಹಬ್ ಬ್ರೇಕು ಆ ಸೈಕಲುಗಳದ್ದು. ಮೂರು ಕಿಲೋಮೀಟರಿನ ಆಸುಪಾಸಿನ ಒಂದೇ ಇಳಿತಕ್ಕೆ ಹಬ್ಬಿನೊಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲ ಬಿಚ್ಚಿ ಹೊಸ ಗ್ರೀಸು ತುಂಬಬೇಕಿತ್ತು. ಆ ಪಂದ್ಯಕ್ಕೆ ರಿಪ್ಯಾಕ್ ಎಂದು ಹೆಸರು ಬಿದ್ದದ್ದು ಹಾಗೆ.

ಇವತ್ತಿನ ವಿಶ್ವಕಪ್ ಡೌನ್‌ಹಿಲ್ ರೇಸು ಎರಡರಿಂದ ಐದು ನಿಮಿಷದೊಳಗೆ ಮುಗಿಯುತ್ತದೆ. ಉದ್ದ ಇಳಿತದ ರೇಸಿನ ಜಾತಿಯೇ ಬೇರೆ. ಫ್ರಾನ್ಸಿನ ಆಲ್ಪ್ ದುಯೆಜ್‌ನಲ್ಲಿ 1995ರಿಂದ ನಡೆಯುತ್ತಿರುವ ಮೆಗಾವಲಾಂಶ್ ಇದಕ್ಕೆ ದೊಡ್ಡ ಉದಾಹರಣೆ. 3,300 ಮೀಟರ್ ಎತ್ತರದ ಪಿಕ್ ಬ್ಲಾಂಕ್‌ನ ಹಿಮದ ಮೇಲೆ ನೂರಾರು ಮಂದಿ ಒಟ್ಟಿಗೇ ಹೊರಟು, 2,500 ಮೀಟರಿಗೂ ಹೆಚ್ಚು ಇಳಿದು, ಕಣಿವೆಯ ಆಲ್ಮೋನ್ ಊರು ಸೇರುತ್ತಾರೆ. ನಡುವೆ ಸಪಾಟು ದಾರಿಯಿದೆ, ಸಣ್ಣ ಏರುಗಳೂ ಇವೆ, ಪೆಡಲ್ ತುಳಿಯದೆ ದಾಟಲಾಗುವುದಿಲ್ಲ. ಇಂಥ ಕಡೆ ಮೊದಲ ಐದು ನಿಮಿಷ ಮಿಂಚಿದ ಸೈಕಲ್ ಗೆಲ್ಲಬೇಕೆಂದಿಲ್ಲ. ಕೊನೆಯ ಐದು ಕಿಲೋಮೀಟರಿನಲ್ಲಿ ಕೈ ಸೋಲದ, ಟೈರು ಕೊಯ್ಯದ, ಬ್ರೇಕು ಕುಸಿಯದ ಸೈಕಲಿನದ್ದೇ ಮೇಲುಗೈ.

ನಮ್ಮಲ್ಲಿ ಅಷ್ಟು ಎತ್ತರವೂ ಇಲ್ಲ, ಸೈಕಲನ್ನು ಮೇಲಕ್ಕೆ ಒಯ್ಯುವ ಲಿಫ್ಟೂ ಇಲ್ಲ. ಆದರೆ ದೇಶದಲ್ಲಿ ಮೌಂಟನ್ ಬೈಕ್ ರೇಸುಗಳಿಗೆ ಕೊರತೆಯಿಲ್ಲ. ಶಿಮ್ಲಾ ಕಡೆ 2005ರಲ್ಲಿ ಎಂಟಿಬಿ ಹಿಮಾಲಯ ಶುರುವಾಯಿತು, ಗದಗದಲ್ಲಿ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆದಿದೆ, 2023ರ ಅಕ್ಟೋಬರಿನಲ್ಲಿ ಏಷ್ಯನ್ ಚಾಂಪಿಯನ್‌ಷಿಪ್ ಕೇರಳದ ಪೊನ್ಮುಡಿಗೇ ಬಂದಿತ್ತು. ಘಟ್ಟದ ಬುಡದಲ್ಲಿ ಬೆಳೆದವರಿಗೆ ಇಳಿಜಾರಿನ ಅಭ್ಯಾಸಕ್ಕೆ ಊರು ಬಿಟ್ಟು ಹೋಗಬೇಕಾಗಿಲ್ಲ. ಸೈಕಲ್ ಸರಿಯಿರಬೇಕು, ಅಷ್ಟೆ.

ಯಾವ ಸೈಕಲ್?

ಅಂಗಡಿಯಲ್ಲಿ ಹದಿನೈದು ಸಾವಿರಕ್ಕೆ ಸಿಗುವ ‘ಡಬಲ್ ಶಾಕ್’ ಗೇರ್ ಸೈಕಲನ್ನು ಈ ಕೆಲಸಕ್ಕೆ ಖಂಡಿತ ತೆಗೆದುಕೊಳ್ಳಬೇಡಿ. ಅದರ ಹಿಂದಿನ ಶಾಕ್ ಬರಿಯ ಸ್ಪ್ರಿಂಗ್, ಒಳಗೆ ಎಣ್ಣೆಯ ಡ್ಯಾಂಪಿಂಗ್ ಇರುವುದಿಲ್ಲ. ಒಮ್ಮೆ ಒತ್ತಿದರೆ ಅಷ್ಟೇ ರಭಸದಲ್ಲಿ ಎದ್ದು ಸವಾರನನ್ನು ಮುಂದಕ್ಕೆ ಎಸೆಯುತ್ತದೆ. ಅದೇ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿ, ಹಿಂದೆ ಶಾಕ್ ಇಲ್ಲದ, ಹೈಡ್ರಾಲಿಕ್ ಡಿಸ್ಕ್ ಬ್ರೇಕಿನ ಹಾರ್ಡ್‌ಟೇಲ್ ಕೊಂಡರೆ ಎಷ್ಟೋ ವಾಸಿ. ಇಳಿಜಾರಿನಲ್ಲಿ ಗೆರೆ ಆರಿಸಲು, ಮೊಣಕಾಲು ಮಡಚಿ ಪೆಟ್ಟು ನುಂಗಲು ಹಾರ್ಡ್‌ಟೇಲಿಗಿಂತ ಒಳ್ಳೆಯ ಮೇಷ್ಟ್ರಿಲ್ಲ. ಒಂದು ವರ್ಷ ಅದರಲ್ಲೇ ಕಲಿತು, ಮತ್ತೆ ದೊಡ್ಡ ಸೈಕಲ್ ನೋಡಿ ಎಂದು ನಾನು ಹೇಳುತ್ತೇನೆ.

ರೇಸಿಗೇ ಎಂದು ಕೊಳ್ಳುವುದಾದರೆ ಎರಡೂ ಕಡೆ ಒಳ್ಳೆಯ ಸಸ್ಪೆನ್ಷನ್ ಇರುವ ಸೈಕಲ್ ಬೇಕು. ಟ್ರೆಕ್, ಜೈಂಟ್, ಸ್ಕಾಟ್ ಮುಂತಾದ ಕಂಪನಿಗಳದ್ದು ಇಲ್ಲಿ ಸಿಗುತ್ತದೆ. ಬೆಲೆ ಲಕ್ಷ ದಾಟಿಯೇ ಶುರು, ನಾಲ್ಕೈದು ಲಕ್ಷದವರೆಗೂ ಸುಲಭವಾಗಿ ಏರುತ್ತದೆ. ಕ್ರಾಸ್ ಕಂಟ್ರಿ ಸೈಕಲಿಗೆ ಸಸ್ಪೆನ್ಷನ್ 100ರಿಂದ 120 ಮಿಲಿಮೀಟರ್ ಆಡುತ್ತದೆ, ಟ್ರೇಲ್ ಸೈಕಲಿಗೆ 130ರಿಂದ 150, ಎಂಡ್ಯೂರೋ ಸೈಕಲಿಗೆ 160ರಿಂದ 170ರ ಆಸುಪಾಸು, ಶುದ್ಧ ಡೌನ್‌ಹಿಲ್ ಸೈಕಲಿಗೆ 200. ಡೌನ್‌ಹಿಲ್ ಸೈಕಲಿನ ಆಸೆ ಎಲ್ಲರಿಗೂ ಇರುತ್ತದೆ, ನೋಡಲು ಮೋಟಾರ್ ಸೈಕಲ್ಲಿನ ಗತ್ತು ಅದಕ್ಕೆ. ಆದರೆ ಅದರ ಸೀಟು ಎತ್ತರಕ್ಕೆ ಏರುವುದಿಲ್ಲ, ಹಗುರ ಗೇರೂ ಇರುವುದಿಲ್ಲ. ರೇಸಿನ ನಡುವೆ ಎರಡು ಕಿಲೋಮೀಟರ್ ಸಪಾಟು ಬಂದರೆ ತಳ್ಳಿಕೊಂಡು ಹೋಗಬೇಕಾದೀತು. ನಮ್ಮ ಕಡೆ ಅಭ್ಯಾಸಕ್ಕೆ ಗುಡ್ಡೆ ಹತ್ತುವುದೂ ನಿಮ್ಮ ಕಾಲಿನಿಂದಲೇ, ಅಥವಾ ಪರಿಚಯದವರ ಪಿಕಪ್ಪಿನಲ್ಲಿ. ಪಿಕಪ್ ದಿನಾ ಸಿಗುವುದಿಲ್ಲ. ಹಾಗಾಗಿ 150ರಿಂದ 160 ಮಿಲಿಮೀಟರಿನ ಫೋರ್ಕ್, ಹಿಂದೆ 140ರಿಂದ 150, ತೂಕ ಹದಿನೈದು ಕಿಲೋ ಹತ್ತಿರ: ಇದು ಸಾಕು. ಹ್ಯಾಂಡಲ್ ಕೆಳಗಿನ ಹೆಡ್ ಟ್ಯೂಬಿನ ಕೋನ 64ರಿಂದ 65 ಡಿಗ್ರಿ ಇದ್ದರೆ ಮುಂದಿನ ಚಕ್ರ ಸಾಕಷ್ಟು ಮುಂದಿರುತ್ತದೆ, ಕಡಿದಾದ ಕಡೆ ತಲೆಕೆಳಗಾಗಿ ಹೋಗುವ ಭಯ ಕಡಿಮೆ. ಚಕ್ರ 29 ಇಂಚಿನದ್ದಾದರೆ ಕಲ್ಲಿನ ಸಂದಿಗೆ ಬೀಳದೆ ಹಾಯುತ್ತದೆ. ಕುಳ್ಳಗಿರುವವರಿಗೆ ಹಿಂದಿನ ಚಕ್ರ 27.5 ಇಂಚು ಇದ್ದರೆ ಅನುಕೂಲ, ಕಡಿದಾದ ಕಡೆ ಸೊಂಟ ಹಿಂದಕ್ಕೆ ತಂದಾಗ ಟೈರು ತಾಗುವುದಿಲ್ಲ.

ಸೆಕೆಂಡ್ ಹ್ಯಾಂಡ್ ಸೈಕಲಿಗೆ ನನ್ನ ವಿರೋಧವಿಲ್ಲ, ಆದರೆ ಕರಾವಳಿಯಲ್ಲಿ ಓಡಿದ ಸೈಕಲ್ ಎಂದರೆ ಹುಷಾರು. ಈ ಹವೆಗೆ ಬೇರಿಂಗ್ ತುಕ್ಕು ಹಿಡಿಯುತ್ತದೆ. ಹಿಂದಿನ ಚಕ್ರ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ ನೋಡಿ, ಚೌಕಟ್ಟಿನ ಕೀಲುಗಳಲ್ಲಿ ಟಕಟಕ ಎಂದರೆ ಅಷ್ಟೂ ಬೇರಿಂಗ್ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಫೋರ್ಕಿನ ಹೊಳೆಯುವ ಕೊಳವೆಯ ಮೇಲೆ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಳ್ಳುವಷ್ಟು ಗೀರಿದ್ದರೆ ಅಲ್ಲಿಂದ ಎಣ್ಣೆ ಸೋರುತ್ತದೆ. ಹ್ಯಾಂಡಲಿನ ಹತ್ತಿರ ಚೌಕಟ್ಟಿನ ಬೆಸುಗೆಯ ಬುಡದಲ್ಲಿ ಪೇಂಟು ಕೂದಲೆಳೆಯಷ್ಟು ಬಿರಿದಿದ್ದರೂ ಆ ಸೈಕಲ್ ಬೇಡ.

ಬ್ರೇಕು

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ದುಡ್ಡು ಕಡಿಮೆಯಿದ್ದರೆ ಫೋರ್ಕಿನಲ್ಲಿ, ಗೇರಿನಲ್ಲಿ, ಚಕ್ರದಲ್ಲಿ ರಾಜಿ ಮಾಡಿಕೊಳ್ಳಿ, ಇದರಲ್ಲಿ ಮಾತ್ರ ಬೇಡ.

ಕೇಬಲ್ ಎಳೆಯುವ ಡಿಸ್ಕ್ ಬ್ರೇಕು ಉದ್ದ ಇಳಿತಕ್ಕೆ ಆಗಿಬರುವುದಿಲ್ಲ. ಪ್ಯಾಡು ಸವೆದಂತೆಲ್ಲ ಲಿವರ್ ಹಿಡಿಗೆ ಹತ್ತಿರ ಬರುತ್ತದೆ, ರೇಸಿನ ನಡುವೆ ನಿಂತು ಬಿಗಿ ಮಾಡಬೇಕಾಗುತ್ತದೆ. ಹೈಡ್ರಾಲಿಕ್ ಬ್ರೇಕು ಆ ಸವೆತವನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ. ಅದರಲ್ಲೂ ನಾಲ್ಕು ಪಿಸ್ಟನ್‌ನ ಕ್ಯಾಲಿಪರ್ ಇದ್ದರೆ ದೊಡ್ಡ ಪ್ಯಾಡು ಕೂರುತ್ತದೆ, ಅಷ್ಟೇ ಹಿಡಿತಕ್ಕೆ ಬೆರಳಿನ ಒತ್ತಡ ಕಡಿಮೆ ಸಾಕು. ಇನ್ನು ಡಿಸ್ಕು. ಹೆಚ್ಚಿನ ಸೈಕಲುಗಳು 160 ಅಥವಾ 180 ಮಿಲಿಮೀಟರಿನ ಡಿಸ್ಕಿನೊಂದಿಗೆ ಬರುತ್ತವೆ. ಮುಂದೆ 203 ಹಾಕಿಸಿ, ಹಿಂದೆಯೂ ಸಾಧ್ಯವಾದರೆ 203, ಇಲ್ಲವಾದರೆ 180. ಡಿಸ್ಕು ದೊಡ್ಡದಾದಷ್ಟು ಹಿಡಿತ ಹೆಚ್ಚು, ಶಾಖ ಚೆಲ್ಲಲು ಜಾಗವೂ ಹೆಚ್ಚು. ನಿಮ್ಮ ಫೋರ್ಕ್ ಎಷ್ಟು ದೊಡ್ಡ ಡಿಸ್ಕು ತಾಳುತ್ತದೆ ಎಂದು ಅದರ ಕಂಪನಿಯೇ ಹೇಳಿರುತ್ತದೆ, ಅದನ್ನು ನೋಡಿಯೇ ಅಡಾಪ್ಟರ್ ತರಿಸಿ.

ಪ್ಯಾಡಿನಲ್ಲಿ ಎರಡು ಬಗೆ. ರೆಸಿನ್ ಪ್ಯಾಡು ಸದ್ದಿಲ್ಲದೆ, ಮೊದಲ ಹಿಡಿತದಲ್ಲೇ ಕಚ್ಚುತ್ತದೆ, ಆದರೆ ಕಾದಾಗ ಸೋಲುತ್ತದೆ, ಕೆಸರು ನೀರಿನಲ್ಲಿ ಬೇಗ ತೇಯುತ್ತದೆ. ಲೋಹದ ಪುಡಿ ಒತ್ತಿ ಮಾಡಿದ ಸಿಂಟರ್ಡ್ ಪ್ಯಾಡು ಒಂದಿಷ್ಟು ಕಿರುಚುತ್ತದೆ, ತಣ್ಣಗಿರುವಾಗ ಸ್ವಲ್ಪ ಮಂದ, ಬಿಸಿಯಾದರೂ ಕೈಕೊಡುವುದಿಲ್ಲ. ಉದ್ದ ಇಳಿತಕ್ಕೆ, ನಮ್ಮ ಮಳೆಗಾಲದ ಮರಳು ಬೆರೆತ ಕೆಸರಿಗೆ ಸಿಂಟರ್ಡ್ ಪ್ಯಾಡೇ ಸರಿ. ಕೆಲವು ಅಗ್ಗದ ಡಿಸ್ಕುಗಳ ಮೇಲೆ ರೆಸಿನ್ ಪ್ಯಾಡಿಗೆ ಮಾತ್ರ ಎಂದು ಕೊರೆದಿರುತ್ತಾರೆ. ಆ ಡಿಸ್ಕು ಮೆದು, ಸಿಂಟರ್ಡ್ ಹಾಕಿದರೆ ಕೊರೆದು ಹೋಗುತ್ತದೆ. ಓದಿ ನೋಡಿ.

ಹೊಸ ಪ್ಯಾಡನ್ನು ಪಳಗಿಸದೆ ರೇಸಿಗೆ ಇಳಿಯಬಾರದು. ಪ್ಯಾಡಿನ ತೆಳು ಪದರ ಡಿಸ್ಕಿಗೆ ಸಮನಾಗಿ ಹತ್ತಿಕೊಂಡ ಮೇಲೆಯೇ ಬ್ರೇಕು ಪೂರ್ತಿ ಹಿಡಿಯುವುದು. ಖಾಲಿ ರಸ್ತೆಯಲ್ಲಿ ಸಾಧಾರಣ ವೇಗ ಹಿಡಿದು, ನಡಿಗೆಯ ವೇಗಕ್ಕೆ ಬರುವವರೆಗೆ ಒಂದೇ ಸಮ ಹಿಡಿಯಿರಿ, ಪೂರ್ತಿ ನಿಲ್ಲಿಸಬೇಡಿ. ಇಪ್ಪತ್ತು ಸಲ ಹೀಗೆ. ಬಳಿಕ ಇನ್ನೂ ಹೆಚ್ಚಿನ ವೇಗದಿಂದ ಹತ್ತು ಸಲ. ಮುಂದಿನ ಬ್ರೇಕಿಗೂ ಹಿಂದಿನದಕ್ಕೂ ಬೇರೆ ಬೇರೆ. ಚಕ್ರ ಜಾಮ್ ಆಗಿ ಜಾರಬಾರದು.

ಒಳಗಿನ ದ್ರವದ ವಿಷಯದಲ್ಲಿ ಗೊಂದಲ ಮಾಡಿಕೊಂಡವರು ಬಹಳ. ಶಿಮಾನೊ, ಟೆಕ್ಟ್ರೊ, ಮಗೂರಾ ಬ್ರೇಕುಗಳಿಗೆ ಮಿನರಲ್ ಆಯಿಲ್. ಸ್ರಾಮ್ ಕಂಪನಿಯ ಹಲವು ಬ್ರೇಕುಗಳಿಗೆ ಡಾಟ್ ದ್ರವ, ಬೈಕು ಕಾರುಗಳಿಗೆ ಹಾಕುವ ಜಾತಿಯದ್ದು. ಒಂದಕ್ಕೆ ಇನ್ನೊಂದನ್ನು ಹಾಕಿದರೆ ಒಳಗಿನ ರಬ್ಬರ್ ಸೀಲು ಹಾಳಾಗಿ ಬ್ರೇಕು ಗುಜರಿಗೆ ಹೋಗುತ್ತದೆ. ಬ್ರೇಕ್ ಆಯಿಲ್ ಇದೆ, ಹಾಕಿಕೊಡುತ್ತೇನೆ ಎನ್ನುವ ಮೆಕ್ಯಾನಿಕ್ ಎಷ್ಟೇ ಪರಿಚಯದವರಾಗಿರಲಿ, ಬಾಟಲಿ ಕೇಳಿ ನೋಡಿ. ಡಾಟ್ ದ್ರವಕ್ಕೆ ಗಾಳಿಯ ತೇವ ಹೀರುವ ಗುಣವಿದೆ. ತೇವ ಸೇರಿದಷ್ಟು ಕುದಿಬಿಂದು ಇಳಿಯುತ್ತದೆ. ಕುದಿದರೆ ನಳಿಕೆಯಲ್ಲಿ ಆವಿಯ ಗುಳ್ಳೆ ಏಳುತ್ತದೆ, ಲಿವರ್ ಹಿಡಿದರೆ ಹಿಡಿಗೆ ಬಂದು ತಾಗುತ್ತದೆ, ಸೈಕಲ್ ಮಾತ್ರ ನಿಲ್ಲುವುದಿಲ್ಲ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗದ ನಮ್ಮ ಊರಲ್ಲಿ ಡಾಟ್ ಬ್ರೇಕು ಇಟ್ಟುಕೊಂಡವರು ಪ್ರತಿ ವರ್ಷ ಮಳೆಗಾಲ ಮುಗಿದ ಕೂಡಲೇ ದ್ರವ ಬದಲಿಸುವುದು ಕ್ಷೇಮ. ಮಿನರಲ್ ಆಯಿಲ್ ನೀರು ಹೀರುವುದಿಲ್ಲ. ಹೇಗೋ ಒಳ ಸೇರಿದ ಹನಿ ಕೆಳಗಿನ ಕ್ಯಾಲಿಪರಿನಲ್ಲಿ ಹೋಗಿ ಕೂರುತ್ತದೆ, ಅದು ಕುದಿಯಲು ನೂರು ಡಿಗ್ರಿ ಸಾಕು. ಆದ್ದರಿಂದ ರೇಸಿಗೆ ಮೊದಲು ಅದನ್ನೂ ಒಮ್ಮೆ ಬ್ಲೀಡ್ ಮಾಡಿಸಿ, ಅಂದರೆ ಹಳೇ ಎಣ್ಣೆ ಹೊರಹಾಕಿ ಹೊಸದು ತುಂಬಿಸಿ.

ಇನ್ನೊಂದು ಮಾತು. ಸೈಕಲನ್ನು ವಾಟರ್ ಸರ್ವಿಸ್‌ಗೆ ಕೊಡಬೇಡಿ. ತೊಳೆದ ಮೇಲೆ ಹೊಳಪಿಗೆಂದು ಕೊನೆಗೆ ಡೀಸೆಲ್ ಹೊಡೆಯುವ ಅಭ್ಯಾಸ ಎಷ್ಟೋ ಕಡೆ ಇದೆ. ಒಂದು ತೆಳು ಸಿಂಪರಣೆ ಡಿಸ್ಕಿನ ಮೇಲೆ ಬಿದ್ದರೆ ಪ್ಯಾಡು ಎಣ್ಣೆ ಕುಡಿದು ಆ ಜೋಡಿ ಪ್ಯಾಡು ಹೋಯಿತೆಂದೇ ಲೆಕ್ಕ. ಮನೆಯ ಹಿತ್ತಲಿನಲ್ಲಿ ಪೈಪಿನ ನೀರು, ಹಳೇ ಬ್ರಷ್ಷು ಸಾಕು. ಚೈನಿಗೆ ಎಣ್ಣೆಯನ್ನು ಸ್ಪ್ರೇ ಮಾಡದೆ ಹನಿ ಹನಿಯಾಗಿ ಬಿಡಿ.

ಲಿವರಿನ ಜಾಗ ಸರಿಯಿಲ್ಲದಿದ್ದರೆ ಒಳ್ಳೆಯ ಬ್ರೇಕೂ ಕೈ ಸೋಲಿಸುತ್ತದೆ. ಲಿವರನ್ನು ಹಿಡಿಯಿಂದ ಒಳಕ್ಕೆ ಸರಿಸಿ, ತೋರುಬೆರಳೊಂದೇ ಲಿವರಿನ ತುದಿಯ ಕೊಕ್ಕೆಗೆ ಬೀಳುವಂತೆ ಇಡಿ. ಉಳಿದ ಮೂರು ಬೆರಳು ಹ್ಯಾಂಡಲ್ ಹಿಡಿಯಲಿಕ್ಕೆ ಬೇಕು. ಲಿವರ್ ಕಚ್ಚುವ ಬಿಂದು ಹಿಡಿಗೆ ತುಸು ಹತ್ತಿರವೇ ಇರಲಿ. ಚಾಚಿದ ಬೆರಳಿಗಿಂತ ಮಡಚಿದ ಬೆರಳಿಗೆ ಬಲ ಹೆಚ್ಚು ಎಂಬುದು ಇಪ್ಪತ್ತನೇ ನಿಮಿಷದಲ್ಲಿ ಗೊತ್ತಾಗುತ್ತದೆ. ಇಳಿಯುವಾಗ ಬ್ರೇಕನ್ನು ಸವರಿಕೊಂಡೇ ಹೋಗಬೇಡಿ. ತಿರುವಿಗೆ ಮೊದಲು, ನೇರ ದಾರಿಯಲ್ಲೇ ಗಟ್ಟಿಯಾಗಿ ಹಿಡಿದು, ಬಿಟ್ಟು, ತಿರುಗಿಸಿ. ಬಿಟ್ಟ ಆ ಎರಡು ಮೂರು ಸೆಕೆಂಡಿನಲ್ಲಿ ಡಿಸ್ಕಿಗೆ ಗಾಳಿ ಸಿಗುತ್ತದೆ, ಮುಂಗೈಗೆ ರಕ್ತ ಸಿಗುತ್ತದೆ.

ನಮ್ಮ ನೆಲ, ನಮ್ಮ ಟೈರು

ಪುತ್ತೂರು ಸೀಮೆಯ ನೆಲಕ್ಕೆ ವಿದೇಶಿ ವಿಡಿಯೋಗಳ ಸಲಹೆ ಪೂರ್ತಿ ಹೊಂದುವುದಿಲ್ಲ. ಇಲ್ಲಿರುವುದು ಮುರಕಲ್ಲು. ಒಣಗಿದಾಗ ಅದರ ಮೇಲ್ಪದರ ಉದುರಿ ಗುಂಡು ಗುಂಡು ಹರಳುಗಳಾಗಿ ದಾರಿ ತುಂಬ ಹರಡುತ್ತದೆ. ಟೈರು ಅದರ ಮೇಲೆ ಉರುಳುತ್ತದೆಯೇ ಹೊರತು ಕಚ್ಚುವುದಿಲ್ಲ. ಮಳೆ ಬಿದ್ದರೆ ಅದೇ ಕಲ್ಲಿನ ಮೇಲೆ ಹಸಿರು ಪಾಚಿ ಕಟ್ಟುತ್ತದೆ. ಅಡಿಕೆ ತೋಟದ ಅಂಚಿನ ದಾರಿಯಲ್ಲಾದರೆ ಬಿದ್ದ ಹಾಳೆ ಇನ್ನೊಂದು ಅಪಾಯ. ಮಕ್ಕಳನ್ನು ಕೂರಿಸಿ ಎಳೆದಷ್ಟೇ ಸಲೀಸಾಗಿ ಒದ್ದೆ ಹಾಳೆ ಮುಂದಿನ ಚಕ್ರವನ್ನೂ ಎಳೆದುಕೊಂಡು ಹೋಗುತ್ತದೆ. ರಬ್ಬರ್ ತೋಟದ ತಟ್ಟುಗಳಲ್ಲಿ ಎಲೆಯ ಕೆಳಗೆ ಅಡಗಿರುವ ಬೇರು, ಕಡಿದ ಮರದ ಬುಡ. ಸುಬ್ರಹ್ಮಣ್ಯದ ಕಡೆಗೆ ಹೋದಂತೆ ಕರಿಯ ಬಂಡೆ.

ಹಾಗಾಗಿ ಮುಂದಿನ ಟೈರು 2.4ರಿಂದ 2.5 ಇಂಚು ಅಗಲ, ಎರಡೂ ಅಂಚಿನಲ್ಲಿ ಎತ್ತರದ ಗಟ್ಟಿ ಗುಬಟುಗಳು, ಮೆದು ರಬ್ಬರ್. ಮ್ಯಾಕ್ಸಿಸ್ ಕಂಪನಿಯ ಮಿನಿಯನ್, ಅಸಗಾಯ್ ಟೈರುಗಳು ಈ ಬಗೆಯವು, ಬೇರೆ ಕಂಪನಿಗಳಲ್ಲೂ ಇವೆ. ಹಿಂದಿನದು ಅಷ್ಟು ಮೆದು ಬೇಡ, ಬೇಗ ತೇಯುತ್ತದೆ. ನಾನು ಒತ್ತಿ ಹೇಳುವುದು ಟೈರಿನ ಮೈ ದಪ್ಪದ ಬಗ್ಗೆ. ಹಗುರ ಟೈರಿಗೂ ದಪ್ಪ ಮೈಯ ಡೌನ್‌ಹಿಲ್ ಟೈರಿಗೂ ಇನ್ನೂರು ಮುನ್ನೂರು ಗ್ರಾಂ ವ್ಯತ್ಯಾಸ. ಆ ತೂಕ ಏರಿನಲ್ಲಿ ಕಾಲಿಗೆ ತಿಳಿಯುತ್ತದೆ, ನಿಜ. ಆದರೆ ಮುರಕಲ್ಲಿನ ಕೊರಕಲು ಅಂಚಿಗೆ ಹಿಂದಿನ ಟೈರು ಬಡಿದು ಪಕ್ಕ ಸೀಳಿದರೆ ರೇಸು ಅಲ್ಲಿಗೇ ಮುಗಿಯಿತು. ಹಿಂದಕ್ಕಾದರೂ ದಪ್ಪ ಮೈಯದ್ದೇ ಹಾಕಿ.

ಟ್ಯೂಬ್ ಬೇಡ. ಟ್ಯೂಬ್ ಇದ್ದರೆ ಕಡಿಮೆ ಗಾಳಿಯಲ್ಲಿ ಓಡಿಸಲಾಗದು, ರಿಮ್ಮು ಮತ್ತು ಕಲ್ಲಿನ ನಡುವೆ ಸಿಕ್ಕಿ ಎರಡು ತೂತಾಗುತ್ತದೆ. ಟ್ಯೂಬ್‌ಲೆಸ್ ಮಾಡಿಸಿ ಒಳಗೆ ಸೀಲಂಟ್ ಹಾಕಿ. ನಮ್ಮ ಸೆಖೆಗೆ ಅದು ಎರಡು ಮೂರು ತಿಂಗಳಲ್ಲಿ ಒಣಗಿ ಹೊಟ್ಟಾಗುತ್ತದೆ, ರೇಸಿನ ಹಿಂದಿನ ವಾರ ಹೊಸದು ತುಂಬಿಸಿ. 75 ಕಿಲೋ ಸವಾರನಿಗೆ ಮುಂದೆ 22ರಿಂದ 24 ಪಿಎಸ್‌ಐ, ಹಿಂದೆ 25ರಿಂದ 28 ಇಟ್ಟು ಶುರುಮಾಡಿ, ಒಂದೊಂದು ಪಿಎಸ್‌ಐ ಬದಲಿಸಿ ನೋಡಿ. ತಿರುವಿನಲ್ಲಿ ಟೈರು ಮಗುಚಿದಂತಾದರೆ ಗಾಳಿ ಕಡಿಮೆ, ಹರಳಿನ ಮೇಲೆ ಪುಟಿದರೆ ಹೆಚ್ಚು. ಪೆಟ್ರೋಲ್ ಬಂಕಿನ ಮೀಟರ್ ಇಷ್ಟು ಸೂಕ್ಷ್ಮ ತೋರಿಸುವುದಿಲ್ಲ, ಸಪೂರ ಪ್ರೆಸ್ಟಾ ವಾಲ್ವಿಗೆ ಅಲ್ಲಿಯ ಪೈಪೂ ಕೂರುವುದಿಲ್ಲ. ನೆಲಕ್ಕಿಟ್ಟು ಒತ್ತುವ ಪಂಪು, ಸಣ್ಣದೊಂದು ಡಿಜಿಟಲ್ ಗೇಜು ಮನೆಯಲ್ಲಿರಲಿ.

ಚಕ್ರದ ವಿಷಯದಲ್ಲಿ ನಮ್ಮ ಹಳೇ ಸೈಕಲ್ ಶಾಪಿನವರನ್ನು ಮರೆಯಬೇಡಿ. ಟ್ಯೂಬ್‌ಲೆಸ್ ವಾಲ್ವು ಅವರಲ್ಲಿ ಇಲ್ಲದಿರಬಹುದು, ಆದರೆ ಕಡ್ಡಿ ಬಿಗಿದು ರಿಮ್ಮಿನ ಬೆಂಡ್ ತೆಗೆಯುವ ಕೈ ಅವರದ್ದು. ಹೊಸ ಸೈಕಲಿನ ಕಡ್ಡಿಗಳು ಮೊದಲ ಕೆಲವು ಓಟಗಳಲ್ಲಿ ಸಡಿಲವಾಗುತ್ತವೆ. ಒಮ್ಮೆ ಅವರ ಕೈಗೆ ಕೊಟ್ಟು ಬಿಗಿ ಮಾಡಿಸಿ.

ಶಾಕಿನ ಗಾಳಿ

ಸಸ್ಪೆನ್ಷನ್ ಎಷ್ಟೇ ದುಬಾರಿಯದಾಗಿರಲಿ, ನಿಮ್ಮ ತೂಕಕ್ಕೆ ಗಾಳಿ ತುಂಬಿಸದಿದ್ದರೆ ದಂಡ. ಅದಕ್ಕೆ ಬೇರೆಯೇ ಶಾಕ್ ಪಂಪ್ ಬರುತ್ತದೆ. ರೇಸಿನ ದಿನ ಹಾಕುವ ಹೆಲ್ಮೆಟ್, ನೀರಿನ ಚೀಲ, ಮೊಣಕಾಲಿನ ಪ್ಯಾಡು ಎಲ್ಲ ಹಾಕಿಕೊಂಡು, ಗೋಡೆ ಹಿಡಿದು ಪೆಡಲಿನ ಮೇಲೆ ನಿಲ್ಲಿ. ಇನ್ನೊಬ್ಬರು ಫೋರ್ಕಿನ ರಬ್ಬರ್ ಉಂಗುರವನ್ನು ಕೆಳಕ್ಕೆ ತಳ್ಳಲಿ. ನಿಧಾನವಾಗಿ ಇಳಿದು ಅಳತೆ ನೋಡಿ. ಬರಿಯ ನಿಮ್ಮ ಭಾರಕ್ಕೆ ಫೋರ್ಕ್ ಒಟ್ಟು ಓಟದ ಶೇ 20ರಷ್ಟು ಕುಸಿದಿರಬೇಕು, ಅಂದರೆ 160 ಮಿಲಿಮೀಟರಿನ ಫೋರ್ಕಿಗೆ 32. ಹಿಂದಿನ ಶಾಕಿಗೆ ಶೇ 30, ಅದರ ದಂಡದ ಓಟ 60 ಮಿಲಿಮೀಟರ್ ಇದ್ದರೆ 18. ಹೆಚ್ಚು ಕುಸಿದರೆ ಗಾಳಿ ತುಂಬಿ, ಕಡಿಮೆಯಾದರೆ ಬಿಡಿ.

ಆಮೇಲೆ ರಿಬೌಂಡ್, ಸಾಮಾನ್ಯವಾಗಿ ಕೆಂಪು ಗುಬಟು. ಒತ್ತಿದ ಶಾಕ್ ಎಷ್ಟು ಬೇಗ ಮರಳಿ ಏಳಬೇಕು ಎಂಬುದನ್ನು ನಿರ್ಧರಿಸುವುದು ಅದು. ಫುಟ್‌ಪಾತಿನ ಅಂಚಿನಿಂದ ಕೂತೇ ಇಳಿಯಿರಿ: ಒಂದು ಸಲ ಎದ್ದು ಸುಮ್ಮನಾದರೆ ಸರಿ, ಎರಡು ಮೂರು ಸಲ ಕುಣಿದರೆ ಒಂದೆರಡು ಕ್ಲಿಕ್ ನಿಧಾನ ಮಾಡಿ. ಉದ್ದ ಇಳಿತಕ್ಕೆ ನಾನು ಹೇಳುವುದು, ತೀರಾ ನಿಧಾನ ಮಾಡಬೇಡಿ. ಒಂದರ ಹಿಂದೊಂದು ಕಲ್ಲು ಬಂದಾಗ ಶಾಕ್ ಪೂರ್ತಿ ಏಳುವುದರೊಳಗೆ ಮುಂದಿನ ಪೆಟ್ಟು ಬೀಳುತ್ತದೆ, ಹೀಗೇ ಕುಸಿಯುತ್ತಾ ಹೋಗಿ ಕೊನೆಗೆ ಆ ಪೆಟ್ಟೆಲ್ಲ ಮಣಿಕಟ್ಟಿಗೆ. ನೀಲಿ ಗುಬಟಿನ ಕಂಪ್ರೆಷನ್ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಬೇಡ, ಪೂರ್ತಿ ಬಿಟ್ಟು ಶುರುಮಾಡಿ. ಚಿಕ್ಕ ರೇಸಿನ ಸವಾರರು ಶಾಕನ್ನು ಗಟ್ಟಿ ಇಡುತ್ತಾರೆ, ಮೂರು ನಿಮಿಷಕ್ಕೆ ಅದು ನಡೆಯುತ್ತದೆ. ನಲವತ್ತು ನಿಮಿಷಕ್ಕೆ ಮೆದುವೇ ಗೆಲ್ಲುತ್ತದೆ.

ಹ್ಯಾಂಡಲ್ 780 ಮಿಲಿಮೀಟರ್ ಆಸುಪಾಸಿನ ಅಗಲ ಹೆಚ್ಚಿನವರಿಗೆ ಸಾಕು. ಭುಜ ಸಣ್ಣದಿದ್ದವರು 760ಕ್ಕೆ ಕತ್ತರಿಸಿಕೊಳ್ಳಬಹುದು. ಅಡಿಕೆ ಮರಗಳ ನಡುವೆ 2.7 ಮೀಟರ್ ಅಂತರ ಬಿಟ್ಟಿರುತ್ತಾರೆ, ಹ್ಯಾಂಡಲ್ ತಾಗುವ ಪ್ರಶ್ನೆಯಿಲ್ಲ. ತೋಡಿನ ಮೇಲಿನ ಕಾಲುಸಂಕ ಮಾತ್ರ ಬೇರೆ ಮಾತು, ಇಳಿದು ದಾಟುವುದೇ ಮರ್ಯಾದೆ. ಗ್ರಿಪ್ ನಿಮ್ಮ ಕೈಯ ಅಳತೆಗೆ ತಕ್ಕಂತಿರಲಿ, ತೀರಾ ದಪ್ಪವಾದರೂ ತೀರಾ ಸಪೂರವಾದರೂ ಮುಂಗೈ ಕಟ್ಟಿಕೊಳ್ಳುತ್ತದೆ. ಸೀಟನ್ನು ಗುಂಡಿ ಒತ್ತಿ ಏರಿಳಿಸುವ ಡ್ರಾಪರ್ ಪೋಸ್ಟ್ ಇಲ್ಲದಿದ್ದರೆ ಹಾಕಿಸಿ. ಮುಂದೆ ಒಂದೇ ಹಲ್ಲುಚಕ್ರ, 30 ಅಥವಾ 32 ಹಲ್ಲಿನದ್ದು, ಚೈನು ಹಾರದಂತೆ ಸಣ್ಣ ಗೈಡು. ಗೇರಿನ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಲು ಏನಿಲ್ಲ.

ಎಲ್ಲಿ ಅಭ್ಯಾಸ?

ಪುತ್ತೂರು, ಕಬಕ ಕಡೆಯವರಿಗೆ ಹತ್ತಿರದ ಏರು ಪುತ್ತೂರಿನ ಬೀರಮಲೆ ಗುಡ್ಡೆ. ಹೊಸ ಪ್ಯಾಡು ಪಳಗಿಸಲು, ಶಾಕಿನ ಕ್ಲಿಕ್ ಹೊಂದಿಸಲು ಅಷ್ಟು ಇಳಿತ ಸಾಕು. ಸಂಪಾಜೆ ಘಟ್ಟ ರಾಷ್ಟ್ರೀಯ ಹೆದ್ದಾರಿ, ಬಸ್ಸು ಲಾರಿಗಳ ಕಾಟ. ಅಲ್ಲಿ ಬ್ರೇಕಿನ ತಾಳಿಕೆ ನೋಡಬಹುದು, ವೇಗ ನೋಡಬಾರದು. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಕುಸಿದು ಈ ರಸ್ತೆಯೇ ಮುಚ್ಚಿತ್ತು. ಜೋರು ಮಳೆಯ ದಿನಗಳಲ್ಲಿ ಆ ಕಡೆ ಹೋಗಬೇಡಿ. ನನ್ನ ಅಂದಾಜಿಗೆ ನಮ್ಮ ನೆಲದಲ್ಲಿ ಟೈರಿಗೆ ಒಳ್ಳೆಯ ಹಿಡಿತ ಸಿಗುವುದು ಅಕ್ಟೋಬರ್, ನವೆಂಬರ್ ತಿಂಗಳಲ್ಲಿ. ಮಣ್ಣಿನಲ್ಲಿ ಪಸೆ ಇರುತ್ತದೆ, ಪಾಚಿ ಒಣಗಿರುತ್ತದೆ.

ಖಾಸಗಿ ತೋಟವಾದರೆ ಮನೆಗೆ ಹೋಗಿ ಕೇಳಿಯೇ ಇಳಿಯಿರಿ. ಸ್ಪ್ರಿಂಕ್ಲರ್ ಪೈಪಿನ ಮೇಲೆ ಸೈಕಲ್ ಹಾರಿಸಿ ಜೆಟ್ ಮುರಿದರೆ ಮತ್ತೆ ಆ ಊರಿನಲ್ಲಿ ಯಾರೂ ದಾರಿ ಕೊಡುವುದಿಲ್ಲ. ಸುಳ್ಯ, ಪುತ್ತೂರು ಸುತ್ತಲಿನ ದೊಡ್ಡ ರಬ್ಬರ್ ತೋಟಗಳಲ್ಲಿ ಹಲವು ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದವು. ಅಲ್ಲಿಯೂ ಲಿಖಿತ ಅನುಮತಿ ಕೇಳುವುದು ಕ್ರಮ. ಕುಮಾರಪರ್ವತದ ದಾರಿಯ ಆಸೆ ಬಿಟ್ಟುಬಿಡಿ. 1,712 ಮೀಟರ್ ಎತ್ತರ ನೋಡಿ ಬಾಯಲ್ಲಿ ನೀರೂರುವುದು ಸಹಜ, ಆದರೆ ಅದು ಪುಷ್ಪಗಿರಿ ವನ್ಯಧಾಮ. ನಡೆದು ಹೋಗುವವರಿಗೇ ಅನುಮತಿ ಬೇಕು, ಸೈಕಲಿಗೆ ಅದು ಜಾಗವಲ್ಲ. ಬಿಸಿಲೆ ಘಾಟಿಯಿಂದ ಕುಲ್ಕುಂದಕ್ಕೆ ಇಳಿಯುವ ರಸ್ತೆ ಕಾಡಿನ ನಡುವೆ ಹೋಗುತ್ತದೆ. ಬೆಳಕು ಚೆನ್ನಾಗಿ ಹರಿದ ಮೇಲೆ, ಇಬ್ಬರು ಮೂವರಾಗಿ ಹೋಗಿ. ಕಡಬದ ರೆಂಜಿಲಾಡಿಯಲ್ಲಿ 2023ರ ಫೆಬ್ರವರಿಯಲ್ಲಿ ಬೆಳಗಿನ ಹೊತ್ತು ಕಾಡಾನೆ ದಾಳಿಗೆ ಇಬ್ಬರು ಪ್ರಾಣ ಕಳೆದುಕೊಂಡದ್ದು ಈ ಭಾಗದವರಿಗೆ ನೆನಪಿದೆ. ಸದ್ದಿಲ್ಲದೆ ಜೋರಾಗಿ ಬರುವ ಸೈಕಲ್ ಆನೆಯ ಎದುರಿಗೆ ಹೋಗಿ ನಿಲ್ಲುವ ಸಾಧ್ಯತೆ ನಡೆದು ಹೋಗುವವರಿಗಿಂತ ಹೆಚ್ಚು.

ರೇಸಿನ ದಿನ ಗದ್ದದವರೆಗೆ ಮುಚ್ಚುವ ಫುಲ್‌ಫೇಸ್ ಹೆಲ್ಮೆಟ್, ಮೊಣಕಾಲು ಮೊಣಕೈಗೆ ಪ್ಯಾಡು ಕಡ್ಡಾಯವೆಂದೇ ತಿಳಿಯಿರಿ. ಬೆವರಿಗೆ ಒದ್ದೆಯಾದ ಕೈಗವಸಿನಲ್ಲಿ ಹಿಡಿತ ಜಾರುತ್ತದೆ, ಒಣಗಿದ ಇನ್ನೊಂದು ಜೊತೆ ಬ್ಯಾಗಿನಲ್ಲಿರಲಿ. ತೂತು ಮುಚ್ಚುವ ಟ್ಯೂಬ್‌ಲೆಸ್ ಪ್ಲಗ್ಗು, ಸಣ್ಣ ಪಂಪು, ಒಂದು ಟ್ಯೂಬು, ಚೈನಿನ ಕ್ವಿಕ್ ಲಿಂಕು, ಅಲನ್ ಕೀ, ಹಿಂದಿನ ಗೇರು ನೇತುಹಾಕುವ ಡಿರೈಲರ್ ಹ್ಯಾಂಗರ್ ಒಂದು. ಈ ಹ್ಯಾಂಗರ್ ಒಂದೊಂದು ಮಾಡೆಲಿಗೆ ಒಂದೊಂದು ಆಕಾರ, ಕೆಲವು ಹೊಸ ಸೈಕಲುಗಳಿಗೆ ಮಾತ್ರ ಎಲ್ಲಕ್ಕೂ ಸೇರುವ ಒಂದೇ ನಮೂನೆ ಬಂದಿದೆ. ಇಲ್ಲಿಯ ಅಂಗಡಿಯಲ್ಲಿ ತಕ್ಷಣಕ್ಕೆ ಸಿಗುವುದಿಲ್ಲ, ಸೈಕಲ್ ಕೊಳ್ಳುವಾಗಲೇ ಎರಡು ತರಿಸಿಟ್ಟುಕೊಳ್ಳಿ.

ರೇಸಿನ ಹಿಂದಿನ ರಾತ್ರಿ ಚಕ್ರ ಬಿಚ್ಚಿ ಕ್ಯಾಲಿಪರಿನೊಳಕ್ಕೆ ಟಾರ್ಚು ಬಿಟ್ಟು ನೋಡಿ. ಲೋಹದ ತಗಡು ಬಿಟ್ಟು ಪ್ಯಾಡಿನ ಪದಾರ್ಥ ಒಂದು ಮಿಲಿಮೀಟರಿನಷ್ಟೇ ಉಳಿದಿದ್ದರೆ ಇನ್ನೊಂದು ಇಳಿತಕ್ಕೆ ಆದೀತು ಎಂದು ಲೆಕ್ಕ ಹಾಕಬೇಡಿ, ಬದಲಿಸಿ. ಬದಲಿಸಿದ ಪ್ಯಾಡನ್ನು ಪಳಗಿಸಲು ಬೆಳಿಗ್ಗೆ ಅರ್ಧ ಗಂಟೆ ಬೇಕಾಗುತ್ತದೆ, ಅಷ್ಟು ಮುಂಚೆ ಎದ್ದು ಹೊರಡಿ.